ಎದುರು ನಾರು

"ನೀನೇ ತೆಗಿ. ಹೆಸರು ಮಾತ್ರ ನನ್ನದಿರ್ಲಿ." ಭಾವ ಹೀಗೆ ಅಂದು ಒಂದು ರಾತ್ರಿ ಕಳೆದಿದ್ದರೂ ಆ ಮಾತು ಕೇಳಿಸಿಕೊಂಡವನ ಹಲ್ಲಿನ ಸಂದಿಯಲ್ಲೇ ಸಿಕ್ಕಿಕೊಂಡು ಕೂತಿತ್ತು. ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಮುಖ ತೊಳೆಯುವಾಗ ಅದೇ, ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಅದೇ. ಕೇಳುವ ರೀತಿಯಾ ಅದು? ಹೆಂಡತಿಯ ಅಣ್ಣ ಅಂದ ಮಾತ್ರಕ್ಕೆ ಆಕಾಶದಿಂದ ಇಳಿದು ಬಂದವನಾ? ಕೈ ನಡುಗುತ್ತಿದೆ, ಉಳಿ ನಿಲ್ಲುತ್ತಿಲ್ಲ, ಒಂದು ಉಪಕಾರ ಮಾಡು ಅಂತ ಬಾಯಿಬಿಟ್ಟು ಕೇಳಿದ್ದರೆ ಭಾವನ ಗಂಟೇನು ಹೋಗುತ್ತಿತ್ತು? ಅದೆಲ್ಲ ಇಲ್ಲ. ಅಂಗಡಿಗೆ ಬೀಗ ಹಾಕುತ್ತಾ, ಮುಖ ಕೂಡ ನೋಡದೆ, ಬಾಗಿಲಿಗೆ ಹೇಳಿದ ಹಾಗೆ ಹೇಳಿದ್ದ. ಬೀಗದ ಕೈ ತೂತಿಗೆ ಸೇರದೆ ಸುತ್ತಮುತ್ತ ಟಕಟಕ ಬಡಿಯುತ್ತಿತ್ತು. ಇವನು ಕೈ ಚಾಚಿ ಹಾಕಬಹುದಿತ್ತು. ಹಾಕಲಿಲ್ಲ. ನಿಂತು ನೋಡಿದ. ನೋಡುವಾಗ ಹೊಟ್ಟೆಯಲ್ಲಿ ಬೆಚ್ಚಗೆ ಏನೋ ಆಡಿತು. ಅದಕ್ಕೆ ಸಂತೋಷ ಅಂತಲೇ ಹೆಸರು, ಬೇರೆ ಹೆಸರಿಲ್ಲ. ಆಮೇಲೆ "ಆಗ್ಲಿ ಭಾವ, ನೀವು ಹೇಳಿದ ಹಾಗೇ" ಅಂದ. ಬಾಯಲ್ಲಿ ಯಾವತ್ತೂ 'ನೀವು', ಮನಸ್ಸಿನಲ್ಲಿ ಯಾವತ್ತೂ 'ನೀನು'. ಈ ಎರಡನ್ನೂ ಒಂದೇ ತಲೆಯಲ್ಲಿಟ್ಟುಕೊಂಡು ಇಷ್ಟು ವರ್ಷ ಬದುಕಿದ್ದಕ್ಕೆ ತನಗೇ ಯಾರಾದರೂ ಶಾಲು ಹೊದಿಸಬೇಕು ಅಂತ ಅವನಿಗೆ ಎಷ್ಟೋ ಸಲ ಅನ್ನಿಸಿತ್ತು.

ಲೇತಿನಲ್ಲಿ ಕಡೆದು ತೆಗೆಯಬೇಕಾಗಿದ್ದದ್ದು ಒಂದು ಮರದ ಬೋಗುಣಿ. ಅದಕ್ಕೆ ಬಂದದ್ದು ಕಸುಬು ಕಲಿಸುವ ಶಾಲೆಯ ಅಂಗಳದಲ್ಲಿ ಗಾಳಿಗೆ ಬಿದ್ದ ಹಳೇ ಮರದ ತುಂಡು. ಶಾಲೆಯವರು ಮರಗೆಲಸಕ್ಕೆ ಮೇಷ್ಟ್ರೊಬ್ಬರನ್ನು ಹುಡುಕುತ್ತಿದ್ದರು. ಭಾವನ ಹೆಸರು ಹೆಚ್ಚುಕಡಿಮೆ ಗಟ್ಟಿಯಾಗಿತ್ತು. 'ನಮ್ಮ ಮರದಿಂದಲೇ ಒಂದು ಬೋಗುಣಿ ಮಾಡಿ ತನ್ನಿ, ಎಲ್ಲರ ಮುಂದೆ ಎಣ್ಣೆ ಹಚ್ಚೋಣ' ಅಂತ ಪ್ರಿನ್ಸಿಪಾಲ್ ಮೇಡಂ ಹೇಳಿಕಳಿಸಿದ್ದರು. ಎಣ್ಣೆಯ ವಿಷಯ ಅವರಿಗೆ ಗೊತ್ತಿದ್ದದ್ದು ಈ ಅಂಗಡಿಯ ಪದ್ಧತಿಯಿಂದ. ಮಾವನವರ ಕಾಲದಿಂದಲೂ ಇಲ್ಲಿ ಬೋಗುಣಿಗೆ ಮೊದಲ ಎಣ್ಣೆ ಹಚ್ಚುವವರು ಕೊಳ್ಳುವವರೇ, ಮಾಡಿದವನ ಕಣ್ಣೆದುರಿಗೇ. ಒಣಮರ ಎಷ್ಟು ಬೇಕಾದರೂ ಸುಳ್ಳು ಹೇಳುತ್ತದೆ, ಎಣ್ಣೆ ಹೇಳುವುದಿಲ್ಲ ಅನ್ನುತ್ತಿದ್ದರು ಮಾವ. ಉಳಿ ನಾರನ್ನು ಕತ್ತರಿಸದೆ ಕಿತ್ತಿದ್ದರೆ ಆ ಜಾಗ ಉಪ್ಪುಕಾಗದದಲ್ಲಿ ಉಜ್ಜಿದರೂ ಒಳಗೊಳಗೇ ಹರಿದುಕೊಂಡೇ ಇರುತ್ತದೆ. ಧೂಳು ತುಂಬಿ ಮೇಲೆ ನುಣ್ಣಗೆ ಕಾಣುತ್ತದೆ. ಎಣ್ಣೆ ಬಿದ್ದ ಕೂಡಲೇ ಗಟಗಟ ಕುಡಿದು ಕಪ್ಪಗೆ ಎದ್ದು ಬರುತ್ತದೆ. ಭಾವನಿಗೆ ಈ ಕೆಲಸ ಸಿಕ್ಕರೆ ನಡುಗುವ ಕೈ ಯಾರಿಗೂ ಕಾಣಿಸದೆ ಮುಚ್ಚಿಹೋಗುತ್ತದೆ. ಮೇಷ್ಟ್ರು ಬಾಯಲ್ಲಿ ಹೇಳಿದರೆ ಸಾಕು, ಉಳಿ ಹಿಡಿಯುವವರು ಮಕ್ಕಳು. ಸಿಗದಿದ್ದರೆ, ಲೇತಿನಲ್ಲಿ ಮರ ಕಡೆಯುವ ತಿರುಗಣೆಯವನು ಕೈ ಬಿದ್ದ ಮೇಲೆ ಮನೆಯಲ್ಲಿ ಕೂರಬೇಕು, ಅಷ್ಟೇ.

ಅಂಗಡಿಯಲ್ಲಿ ಅವನೊಬ್ಬನೇ. ಕಿಟಕಿಯ ಗಾಜಿನ ಮೇಲೆ ಧೂಳು ದಪ್ಪಗೆ ಕೂತು ಬೆಳಕು ಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು. ತುಂಡನ್ನು ಲೇತಿಗೆ ಬಿಗಿದು, ಉಳಿ ಊರುವ ಕಂಬಿಯನ್ನು ಹತ್ತಿರ ಎಳೆದು, ಮೊದಲು ಕೈಯಿಂದಲೇ ಒಂದು ಸುತ್ತು ತಿರುಗಿಸಿ ನೋಡಿದ. ಕಳ್ಳಮರ. ನಾರು ನೆಟ್ಟಗೆ ಓಡದೆ ಅಲೆಅಲೆಯಾಗಿ ಹೊರಳಿತ್ತು. ಬೋಗುಣಿ ತಿರುಗುವಾಗ ಪ್ರತಿ ಸುತ್ತಿನಲ್ಲೂ ಎರಡು ಕಡೆ ನಾರು ಉಳಿಗೆ ಎದುರು ನಿಲ್ಲುತ್ತದೆ, ಒಂದಕ್ಕೊಂದು ಎದುರುಬದುರಾಗಿ. ಮಿಕ್ಕಲ್ಲೆಲ್ಲ ಬೆಣ್ಣೆ, ಆ ಎರಡು ಕಡೆ ಜಗಳ. ಅಲ್ಲಿ ಒತ್ತಬಾರದು, ಅವಸರ ಮಾಡಬಾರದು. ಹೊರಮೈಯನ್ನು ಬುಡದಿಂದ ಬಾಯಿಯ ಕಡೆಗೆ ತೆಗೆಯಬೇಕು, ಒಳಮೈಯನ್ನು ಬಾಯಿಂದ ತಳದ ಕಡೆಗೆ. ಕೊನೆಯ ಕೈ ಹಾಕುವ ಮುಂಚೆ ಉಳಿಯನ್ನು ಇನ್ನೊಮ್ಮೆ ಸಾಣೆಗೆ ಹಿಡಿಯಬೇಕು, ಚೂಪಾಗಿದೆ ಅಂತ ಅನ್ನಿಸಿದರೂ ಹಿಡಿಯಬೇಕು. ತೀರಾ ಹಟಮಾರಿ ಮರವಾದರೆ ಒದ್ದೆ ಬಟ್ಟೆಯಿಂದ ಒರೆಸಿ ನಾರನ್ನು ಮೆತ್ತಗೆ ಮಾಡಿಕೊಂಡು, ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ ಎಬ್ಬಿಸಬೇಕು. ಎಲ್ಲಕ್ಕಿಂತ ಮೊದಲು ಉಳಿಯ ಬೆನ್ನು, ಅಂದರೆ ಅದರ ಚೂಪು ಬಾಯಿಯ ಹಿಂದಿನ ಇಳಿಜಾರು, ಮರಕ್ಕೆ ತಾಗಬೇಕು. "ಬೆನ್ನು ಮೊದಲು, ಬಾಯಿ ಆಮೇಲೆ. ಮಾತಿಗೂ ಅಷ್ಟೇ ಕಣಪ್ಪಾ" ಅನ್ನುತ್ತಿದ್ದರು ಮಾವ. ಇದನ್ನೆಲ್ಲ ಇವನು ಅವರ ಬಾಯಲ್ಲಿ ಕೇಳಿದ್ದು ನಿಜ, ಕಲಿತದ್ದು ಒಬ್ಬನೇ, ಹಲ್ಲು ಕಚ್ಚಿಕೊಂಡು, ಭಾವ ಊಟಕ್ಕೆ ಹೋದ ಹೊತ್ತಿನಲ್ಲಿ, ಒಲೆಗೆ ಹೋಗಬೇಕಾದ ಚೂರುಗಳ ಮೇಲೆ. ಕಲಿತದ್ದನ್ನು ಭಾವ ಒಂದು ದಿನವೂ ತಿರುಗಿ ನೋಡಲಿಲ್ಲ. ಅಂಗಡಿಯಲ್ಲಿ ಇವನ ಪಾಲಿಗೆ ಬಂದದ್ದು ಮಂಚದ ಕಾಲು, ಲಟ್ಟಣಿಗೆ, ಬಾಗಿಲು ಎಳೆಯುವ ಗುಬ್ಬಿ. ಬೋಗುಣಿಗೆ ಕೈ ಹಾಕಿದರೆ ಸಾಕು, "ಬಿಡು ಬಿಡು, ಅದು ನಾನು ನೋಡ್ಕೋತೀನಿ" ಅಂತ ಬರುತ್ತಿದ್ದ.

ಹೊರಮೈ ಚೆನ್ನಾಗಿ ಬಂತು. ಸುರುಳಿಗಳು ಉದ್ದಕ್ಕೆ, ಮೆತ್ತಗೆ, ಭುಜದ ಮೇಲಿಂದ ಹಾರಿ ಹಿಂದೆ ಬೀಳುತ್ತಿದ್ದವು. ಉಳಿಯ ಸದ್ದು ಹದವಾಗಿತ್ತು, ದೂರದಲ್ಲಿ ಯಾರೋ ಒಂದೇ ಸಮ ಸೀರೆ ಹರಿಯುತ್ತಿರುವ ಹಾಗೆ. ಲೇತು ನಿಲ್ಲಿಸಿ ಅಂಗೈ ಸವರಿದ. ಎಲ್ಲೂ ಒಂದು ಎಳೆ ಎದ್ದಿರಲಿಲ್ಲ. ಅಯ್ಯೋ, ಎಷ್ಟು ಚೆನ್ನಾಗಿದೆ ಅಂತ ಅವನಿಗೇ ಅನ್ನಿಸಿತು, ಆ ಅನ್ನಿಸಿಕೆಯ ಹಿಂದೆಯೇ ಇದರ ತಳದಲ್ಲಿ ಭಾವನ ಹೆಸರಿನ ಮುದ್ರೆ ಬೀಳುತ್ತದೆ ಅನ್ನುವುದೂ ಬಂತು. ಬೋಗುಣಿಯನ್ನು ತಿರುವಿ ಬಿಗಿದ. ಈಗ ಒಳಮೈ. ಅವತ್ತೂ ಕೆಟ್ಟದ್ದು ಒಳಮೈಯೇ. ಮದುವೆಗೆ ಮುಂಚಿನ ಮಾತು, ಇವನು ಹೊಸಬ, ಮಾವನವರು ನಂಬಿ ಕೊಟ್ಟ ಮೊದಲ ಬೋಗುಣಿ. ಕೊಳ್ಳಲು ಬಂದಿದ್ದ ಡಾಕ್ಟರು ಬೆಂಚಿನ ಮೇಲೆ ಕೂತು ಹತ್ತಿಯಲ್ಲಿ ಎಣ್ಣೆ ಅದ್ದಿ ಒಳಗೆ ಒಂದು ಸುತ್ತು ಸವರಿದರು. ಎರಡು ಕಪ್ಪು ಕಲೆಗಳು ಎದುರುಬದುರಾಗಿ ಎದ್ದವು. ಅಷ್ಟು ಹೊತ್ತು ಎಲ್ಲ ಸರಿಯಿತ್ತು, ಹಾಗೇ ಬಿಟ್ಟಿದ್ದರೆ ಡಾಕ್ಟರು ಏನೂ ಅನ್ನದೆ ತಗೊಂಡು ಹೋಗುತ್ತಿದ್ದರು. ಭಾವ ಬಗ್ಗಿ ನೋಡಿ, "ಅಯ್ಯೋ, ಇಲಿ ಕಚ್ಚಿಬಿಟ್ಟಿದೆಯಲ್ಲಪ್ಪಾ! ನಮ್ಮಂಗಡೀಲಿ ಇಲಿ ಸೇರ್ಕೊಂಡಿದೆ ಅಂತ ಗೊತ್ತೇ ಇರ್ಲಿಲ್ಲ" ಅಂದ. ಡಾಕ್ಟರು ಹೊಟ್ಟೆ ಕುಲುಕಿಸಿ ನಕ್ಕರು. ಮಾವ ನಕ್ಕರು. ಮನೆಗೂ ಅಂಗಡಿಗೂ ನಡುವಿನ ಪರದೆಯ ಹಿಂದಿನಿಂದ ಒಂದು ಹೆಣ್ಣು ನಗೆ ಕೇಳಿಸಿತು, ಬಾಯಿಗೆ ಸೆರಗು ತುರುಕಿಕೊಂಡರೂ ತಡೆಯದೆ ಸೋರಿದ ನಗೆ. ಆ ನಗೆಯನ್ನೇ ಅವನು ಮುಂದೆ ಮದುವೆಯಾದ.

ಅವತ್ತಿನಿಂದ ಅವನ ಹೆಸರು ಇಲಿ. ಸ್ವಂತ ಹೆಸರು ಮನೆಯ ಕಾಗದಪತ್ರಗಳಲ್ಲಿ ಎಲ್ಲೋ ಇರಬೇಕು. ಮರದ ವ್ಯಾಪಾರಿ ಬೀದಿಯ ಆ ತುದಿಯಿಂದಲೇ "ಏನ್ ಇಲಿಯಪ್ಪಾ, ಬಿಲದಿಂದ ಯಾವಾಗ ಬಂದ್ರಿ?" ಅನ್ನುತ್ತಾನೆ. ಭಾವನ ಮಕ್ಕಳು ಮೊನ್ನೆ ಮೊನ್ನೆಯವರೆಗೂ 'ಇಲಿ ಮಾವ' ಅಂತ ಬಂದು ಕೊರಳಿಗೆ ಜೋತು ಬೀಳುತ್ತಿದ್ದರು. ಅವರ ಪ್ರೀತಿ ಎಷ್ಟು ನಿಜವೋ ಆ ಹೆಸರೂ ಅಷ್ಟೇ ನಿಜ, ಬೈಯುವುದಾದರೂ ಯಾರನ್ನು? ಅವನೊಮ್ಮೆ ರೇಗಿದ್ದಕ್ಕೆ ಭಾವ, "ತಮಾಷೆಗೂ ಮುಖ ಊದಿಸ್ಕೊಂಡ್ರೆ ಹೇಗಪ್ಪಾ? ಅಳಿಯ ಅಲ್ಲ, ಮಗಳ ಗಂಡ!" ಅಂದು ಅದನ್ನೂ ಇನ್ನೊಂದು ತಮಾಷೆ ಮಾಡಿ ಮುಗಿಸಿದ್ದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಗಾದೆ ಕಟ್ಟಿದವನಿಗೂ ಯಾರೋ ಇಂಥದೇ ಒಬ್ಬ ಭಾವ ಇದ್ದಿರಬೇಕು. ಅವನು ಉಳಿಯ ಬಾಯಿಯನ್ನು ಹೆಬ್ಬೆರಳ ಉಗುರಿಗೆ ತಾಗಿಸಿ ನೋಡಿದ. ಹೊರಮೈ ತೆಗೆದು ಮೊಂಡಾಗಿತ್ತು. ಸಾಣೆಕಲ್ಲು ಕೈಯಳತೆಯಲ್ಲೇ ಇತ್ತು. ಅದರ ಕಡೆ ನೋಡಿದ. ನೋಡಿ, ಲೇತಿನ ಗುಂಡಿ ಒತ್ತಿದ.

ಕೆಟ್ಟ ಕೆಲಸ ಇಷ್ಟು ಕಷ್ಟ ಅಂತ ಅವನಿಗೆ ಗೊತ್ತಿರಲಿಲ್ಲ. ಕೈ ಮಾತು ಕೇಳಲಿಲ್ಲ. ತಳದಲ್ಲಿ ಉಳಿ ಇಟ್ಟು ಬಾಯಿಯ ಕಡೆಗೆ, ಅಂದರೆ ನಾರಿಗೆ ಎದುರಾಗಿ ಎಳೆಯಬೇಕು ಅಂತ ಮನಸ್ಸು ಅಂದರೆ, ಕೈ ತಾನಾಗೇ ಬಾಯಿಯ ಹತ್ತಿರ ಹೋಗಿ ಕೂರುತ್ತಿತ್ತು. ಬೆನ್ನು ಎತ್ತಿ ಬರೀ ಬಾಯಿಂದ ಕೆರೆ ಅಂದರೆ ಮಣಿಕಟ್ಟು ತಾನೇ ಹೊರಳಿ ಬೆನ್ನನ್ನು ಮರಕ್ಕೆ ಒರಗಿಸುತ್ತಿತ್ತು. ಹಟಕ್ಕೆ ಬಿದ್ದ. ಒತ್ತಿದ. ಸೀರೆ ಹರಿಯುವ ಸದ್ದು ಹೋಗಿ ಕರಕರ ಅಂತ ಒಂದು ಸದ್ದು ಬಂತು, ನಾಯಿ ಮೂಳೆ ಕಡಿಯುವ ಹಾಗೆ. ಸುರುಳಿ ನಿಂತು ಹಿಟ್ಟು ಉದುರತೊಡಗಿತು. ಎದುರು ನಾರಿನ ಎರಡು ಜಾಗ ಬಂದಾಗಲೆಲ್ಲ ಉಳಿ ಮೊಣಕೈವರೆಗೂ ಒದೆಯುತ್ತಿತ್ತು. ಆ ಒದೆತ ಅವನಿಗೆ ಹಿತವಾಗಿತ್ತು. ತಗೋ, ಅಂದ ಒಳಗೊಳಗೇ, ಇದು ಡಾಕ್ಟರ ನಗುವಿಗೆ. ಇದು ಬಾಗಿಲ ಗುಬ್ಬಿಗಳಿಗೆ. ಇದು, ಬಿಡು ಬಿಡು ಅಂತ ಕೈಯಿಂದ ಕಿತ್ತುಕೊಂಡ ಒಂದೊಂದು ಉಳಿಗೆ. ಆಮೇಲೆ ಎಚ್ಚರವಾದ. ಹೆಚ್ಚು ಆಳವಾದರೆ ಒಣಗಿದ್ದಾಗಲೇ ಕಣ್ಣಿಗೆ ಬೀಳುತ್ತದೆ, ಕಡಿಮೆಯಾದರೆ ಉಪ್ಪುಕಾಗದದಲ್ಲಿ ಹೋಗಿಬಿಡುತ್ತದೆ. ಮೇಲೆ ನುಣುಪು ಸಿಗಬೇಕು, ಅದರಡಿ ಹರಿದ ನಾರು ಉಳಿಯಬೇಕು. ಉಸಿರು ಬಿಗಿಹಿಡಿದು ಕೆಲಸ ಮಾಡಿದ. ದೊರಗು ಕಾಗದ, ಅದಕ್ಕಿಂತ ನುಣ್ಣನೆಯದು, ಇನ್ನೂ ನುಣ್ಣನೆಯದು. ಹಿಟ್ಟಿನಂಥ ಧೂಳನ್ನು ಅಂಗೈಯಿಂದಲೇ ನಾರಿನ ಸಂದಿಗೆ ತೀಡಿ ತೀಡಿ ತುಂಬಿದ. ಜೀವಮಾನದಲ್ಲಿ ಯಾವ ಬೋಗುಣಿಗೂ ಅವನು ಇಷ್ಟು ಶ್ರದ್ಧೆ ಕೊಟ್ಟಿರಲಿಲ್ಲ.

ಪರದೆ ಸರಿಸಿ ಹೆಂಡತಿ ಚಹಾ ತಂದಳು. ತಿರುಗಣೆಯವನ ಮಗಳು, ತಿರುಗಣೆಯವನ ತಂಗಿ, ತಿರುಗಣೆಯವನ ಹೆಂಡತಿ. ಮನೆಯಲ್ಲಿ ಅವಳ ತಲೆಗೂದಲಲ್ಲಿ ಯಾವಾಗಲೂ ಒಂದಿಷ್ಟು ಮರದ ಹಿಟ್ಟು ಇರುತ್ತಿತ್ತು. ಲೋಟ ಇಟ್ಟು, ನಿಂತಿದ್ದ ಬೋಗುಣಿಯೊಳಗೆ ಕೈ ಬಿಟ್ಟು ಸುಮ್ಮನೆ ಒಂದು ಸುತ್ತು ಸವರಿದಳು. ಅವನು ಅವಳ ಬೆರಳುಗಳನ್ನೇ ನೋಡುತ್ತಿದ್ದ.

"ನುಣ್ಣಗಿದೆ" ಅಂದಳು.

"ಹೂಂ."

"ಅಣ್ಣ ರಾತ್ರಿಯಿಡೀ ನಿದ್ದೆ ಮಾಡಿಲ್ವಂತೆ. ಅತ್ತಿಗೆ ಹೇಳಿದ್ರು. ಈ ಕೆಲಸ ಒಂದು ಸಿಕ್ಕಿಬಿಟ್ರೆ ಸಾಕು ಅಂತ ಅಂದ್ಕೊಂಡು ಕೂತಿದ್ದಾನಂತೆ."

"ಸಿಗುತ್ತೆ ಬಿಡು. ಎಲ್ಲಿ ಹೋಗುತ್ತೆ?"

"ಅವನು ನಿಮ್ಮ ಹತ್ರ ಕೇಳಿದ್ದೇ ಹೆಚ್ಚು ರೀ. ಅಪ್ಪ ಸಾಯೋವಾಗ್ಲೂ ಅವನು ಯಾರ ಹತ್ರಾನೂ ನೀರು ಕೊಡಿ ಅಂತ ಕೂಡ ಕೇಳಿದವನಲ್ಲ."

ಇವಳಿಗೆ ತನ್ನ ಅಣ್ಣನ ನಿದ್ದೆಯ ಲೆಕ್ಕ ಇದೆ, ಗಂಡನದು ಇಲ್ಲ. ಅವತ್ತು ಯಾಕೆ ನಕ್ಕೆ ಅಂತ ಕೇಳಿಬಿಡಬೇಕು ಅಂತ ಅವನ ಗಂಟಲವರೆಗೆ ಬಂತು. ಇಷ್ಟು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿ ಕೇಳದೆ ಇದ್ದದ್ದನ್ನು ಚಹಾ ಲೋಟ ಹಿಡಿದು ಕೇಳುವುದು ಹೇಗೆ? ಚಹಾ ಕುಡಿದ. ಬಿಸಿ ಹೆಚ್ಚಾಗಿ ನಾಲಿಗೆ ಸುಟ್ಟಿತು. ಅವಳು ಇನ್ನೂ ಬೋಗುಣಿಯ ಅಂಚಿನ ಮೇಲೆ ಕೈಯಿಟ್ಟುಕೊಂಡು ಏನೋ ಕೇಳುವವಳ ಹಾಗೆ ನಿಂತಿದ್ದಳು. ಕೇಳಲಿಲ್ಲ, ಖಾಲಿ ಲೋಟ ತಗೊಂಡು ಒಳಗೆ ಹೋದಳು.

ಅವತ್ತೇ ಮಧ್ಯಾಹ್ನ, ಶಾಲೆಯ ಹಾಲ್‌ನಲ್ಲಿ ಮಡಿಸುವ ಕುರ್ಚಿಗಳು, ಸುಣ್ಣದ ವಾಸನೆ, ತಿರುಗುವಾಗ ಗೊರಗೊರ ಅನ್ನುವ ಒಂದು ಫ್ಯಾನು. ಭಾವ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಬಲಗೈ ಜೇಬಿನೊಳಗೆ. ದಾರಿಯುದ್ದಕ್ಕೂ ಬೋಗುಣಿಯನ್ನು ಹೊತ್ತು ತಂದವನು ಇವನು. ಭಾವ ಬಟ್ಟೆ ಸರಿಸಿ ಕೂಡ ನೋಡಿರಲಿಲ್ಲ. ನೋಡಿದ್ದರೆ, ಬೆರಳಾಡಿಸಿದ್ದರೆ ಗೊತ್ತಾಗುತ್ತಿತ್ತೇನೋ. ಅದು ನಂಬಿಕೆಯೋ ಅಸಡ್ಡೆಯೋ ಅಂತ ಇವನು ಯೋಚಿಸುತ್ತಾ ಬಂದಿದ್ದ. ಅಸಡ್ಡೆ ಅಂತಲೇ ತೀರ್ಮಾನಿಸಿಕೊಂಡ, ಹಾಗೆ ತೀರ್ಮಾನಿಸಿದರೆ ನಡೆಯುವುದು ಸುಲಭವಾಗಿತ್ತು. ಹೆಂಗಸರ ಸಾಲಿನಲ್ಲಿ ಹೆಂಡತಿಯೂ ಅವಳ ಅತ್ತಿಗೆಯೂ ಕೂತಿದ್ದರು. ಪ್ರಿನ್ಸಿಪಾಲ್ ಮೇಡಂ ಆ ಮರದ ನೆರಳಿನ ಬಗ್ಗೆ ಎರಡು ಮಾತಾಡಿ, ಬಟ್ಟೆ ತೆಗೆದು ಬೋಗುಣಿಯನ್ನು ಎತ್ತಿ ತೋರಿಸಿದರು. ಹಿಂದಿನ ಸಾಲಿನಿಂದ ಆಹಾ ಅನ್ನುವ ಸದ್ದು ಬಂತು. ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿ ಒಳಗೆ ಸವರಿದರು. ಮರ ಜೀವ ಬಂದ ಹಾಗೆ ಕೆಂಪಗೆ ಹೊಳೆಯಿತು, ಅಲೆಗಳು ಒಂದೊಂದಾಗಿ ಎದ್ದವು. ಆಮೇಲೆ ಅವು ಬಂದವು. ಈ ಕಡೆಯೊಂದು, ಆ ಕಡೆಯೊಂದು, ಕಪ್ಪಗೆ, ಒರಟಾಗಿ, ಅವನಿಟ್ಟ ಜಾಗದಲ್ಲೇ. ಮೇಡಂ ಇನ್ನೊಮ್ಮೆ ಉಜ್ಜಿದರು. ಇನ್ನಷ್ಟು ಕಪ್ಪಾದವು.

ಈಗ ಯಾರಾದರೂ ಅನ್ನಬೇಕು. ಅವನು ಕುರ್ಚಿಯ ತುದಿಗೆ ಬಂದಿದ್ದ. ಯಾರಾದರೂ ಬಗ್ಗಿ ನೋಡಿ ಆ ಇಲಿಯ ಮಾತು ಅನ್ನಬೇಕು, ಹಾಲ್‌ಗೆ ಹಾಲ್ ನಗಬೇಕು. ಆದರೆ ಆ ಹಾಲ್‌ನಲ್ಲಿ ಇದ್ದವರೆಲ್ಲ ಮರ್ಯಾದಸ್ಥರು. ಮೇಡಂ ದನಿ ತಗ್ಗಿಸಿ, "ಇದು ಮರದ್ದೇ ಬಣ್ಣ ಇರಬೇಕಲ್ವಾ?" ಅಂದರು. ಹೌದು ಅಂದಿದ್ದರೆ ಮುಗಿದುಹೋಗುತ್ತಿತ್ತು. ಭಾವ ಎದ್ದು ಹೋಗಿ ಬೋಗುಣಿಯೊಳಗೆ ನೋಡಿದ. ಬಹಳ ಹೊತ್ತು ನೋಡಿದ. "ಅಲ್ಲ ಮೇಡಂ. ಇದು ಮರದ ತಪ್ಪಲ್ಲ, ಕೈಯ ತಪ್ಪು. ನಾರು ಕಿತ್ಕೊಂಡಿದೆ. ನನ್ನದೇ ತಪ್ಪು" ಅಂದು ಜೇಬಿನಿಂದ ಬಲಗೈ ತೆಗೆದು ಎಲ್ಲರ ಮುಂದೆ ಚಾಚಿದ. ಅದು ಗಾಳಿಯಲ್ಲಿ ಅದರುತ್ತಿತ್ತು. "ಇದನ್ನಿಟ್ಕೊಂಡು ನಾನು ಮಕ್ಕಳಿಗೆ ಏನು ಕಲಿಸ್ಲಿ? ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ." ಇವನಿಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ, ಸುಳ್ಳು ಯಾಕೆ ಹೇಳಬೇಕು, ಕಾಲಿನ ಹೆಬ್ಬೆರಳಿನವರೆಗೂ ಇಳಿಯಿತು. ಆದರೆ ಅದು ಅಲ್ಲಿ ನಿಲ್ಲಲಿಲ್ಲ. ಇದನ್ನು ಮಾಡಿದವನು ಇವನು ಅಂತ ಭಾವ ಯಾಕೆ ಅನ್ನಲಿಲ್ಲ? ಇವನ ಕೆಲಸವನ್ನೂ, ಇವನ ಸೇಡನ್ನೂ ಆ ಮನುಷ್ಯ ತನ್ನ ಹೆಸರಿಗೇ ಬರೆದುಕೊಂಡು ಹೋಗುತ್ತಿದ್ದಾನೆ ಅನ್ನಿಸಿ ಅವನಿಗೆ ಮೈ ಉರಿಯಿತು.

ಅಂಗಡಿಗೆ ಬಂದ ಮೇಲೆ ಭಾವ ಬೋಗುಣಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಕೂತ. ಹೆಂಡತಿ ಪರದೆಯ ಹತ್ತಿರ ನಿಂತಳು. ಸಾಣೆಕಲ್ಲಿನ ಪಕ್ಕದ ನಲ್ಲಿ ತೊಟ್ಟಿಕ್ಕುತ್ತಿತ್ತು.

"ಬೇಜಾರ್ ಮಾಡ್ಕೋಬೇಡ" ಅಂದ ಭಾವ. ಆ ದನಿಯನ್ನು ಇವನು ಯಾವತ್ತೂ ಕೇಳಿರಲಿಲ್ಲ, ಜ್ವರ ಬಂದ ಮಗುವಿನ ಹತ್ತಿರ ಮಾತಾಡುವ ದನಿ. "ನಿನ್ನ ಮೇಲೆ ನಾನು ಹೊರಿಸಬಾರ್ದಿತ್ತು. ಒಳಮೈ ಎಲ್ಲರ ಕೈಗೂ ಬರಲ್ಲ. ಅವತ್ತೇ ಗೊತ್ತಿತ್ತು ನಂಗೆ. ಕಲಿಸೋದು ಬಿಟ್ಟು ನಕ್ಕುಬಿಟ್ಟೆ. ಅದು ನನ್ನ ತಪ್ಪು."

ಇಷ್ಟು ವರ್ಷ ಕಾದದ್ದು ಈ ಕೊನೆಯ ಮಾತಿಗೇ ಇರಬೇಕು. ಆದರೆ ಅದು ಎಂಥ ಮಾತಿನ ಬಾಲ ಹಿಡಿದು ಬಂದಿತ್ತು! ಎಲ್ಲರ ಕೈಗೂ ಬರಲ್ಲ.

"ನಂಗೆ ಬರುತ್ತೆ" ಅಂದ ಅವನು. "ಬೇಕಂತಲೇ ಮಾಡ್ದೆ ಭಾವ. ಉಳಿ ಸಾಣೆ ಹಿಡೀಲಿಲ್ಲ. ತಳದಿಂದ ಮೇಲಕ್ಕೆ ಎಳೆದೆ. ಧೂಳು ತುಂಬಿ ಮುಚ್ಚಿದೆ. ನೀವು ಅಲ್ಲಿ ಎಲ್ಲರ ಮುಂದೆ ತಲೆತಗ್ಗಿಸ್ಲಿ ಅಂತಲೇ ಮಾಡ್ದೆ."

ಭಾವ ತಲೆಯೆತ್ತಿ ಅವನ ಮುಖ ನೋಡಿದ. ಸಿಟ್ಟು ಬರುತ್ತದೆ ಅಂತ ಅವನು ಕಾದ. ಒಂದು ಏಟಾದರೂ ಬೀಳಲಿ ಅಂತ ಕಾದ. ಭಾವ ಮೆಲ್ಲಗೆ ನಕ್ಕ, ನೋವಾಗದ ಹಾಗೆ.

"ಹೂಂ, ಹಾಗೇ ಅಂದ್ಕೋ. ಅವಮಾನಕ್ಕಿಂತ ಅದೇ ಮೇಲು ಅನ್ಸುತ್ತೆ, ನಂಗೂ ಅರ್ಥ ಆಗುತ್ತೆ. ಆದ್ರೆ ನೋಡಿಲ್ಲಿ. ಒಣಗಿದ್ದಾಗ ಕನ್ನಡಿ ಥರ ಇತ್ತು ಅಂತಾಳೆ ಇವಳು. ಎಣ್ಣೆ ಬಿದ್ಮೇಲೆ ಮಾತ್ರ ಎದ್ದಿದೆ. ಎರಡೂ ಕಡೆ ಒಂದೇ ಆಳ. ಬೇಕಂತಲೇ ಹೀಗೆ ತೆಗೆಯೋಕೆ ಎಂಥ ಕೈ ಬೇಕು ಗೊತ್ತಾ? ನಮ್ಮಪ್ಪನ ಕೈಲೂ ಆಗ್ತಿರ್ಲಿಲ್ಲ. ಅಂಥ ಕೈ ನಿನಗಿದ್ದಿದ್ರೆ ಇಷ್ಟು ವರ್ಷದಲ್ಲಿ ನನ್ನ ಕಣ್ಣಿಗೆ ಬೀಳ್ತಿರ್ಲಿಲ್ವಾ?"

ಅವನು ಹೆಂಡತಿಯ ಕಡೆ ತಿರುಗಿದ. ಅವಳಿಗೆ ಗೊತ್ತು. ಈ ಗೋಡೆಯ ಆಚೆಗೆ ಅಡಿಗೆ ಮಾಡುತ್ತಾ ಬೆಳೆದವಳು, ಉಳಿ ಯಾವ ಕಡೆಗೆ ಓಡುತ್ತಿದೆ ಅಂತ ಸದ್ದಿನಲ್ಲೇ ಹೇಳಬಲ್ಲವಳು. ಹೊರಮೈ ತೆಗೆಯುವಾಗಿನ ಸದ್ದು ಕೇಳಿದವಳು, ಸಾಣೆ ತಿರುಗದೆ ಇದ್ದದ್ದನ್ನು ಕೇಳಿದವಳು.

"ನೀನಾದ್ರೂ ಹೇಳು" ಅಂದ. "ನಿಂಗೆ ಕೇಳಿಸಿತ್ತಲ್ಲ? ಹೇಳು ನಿಮ್ಮಣ್ಣಂಗೆ."

ಅವಳು ಅವನನ್ನೇ ನೋಡಿದಳು. ಕಣ್ಣು ಮಿಟುಕಿಸದೆ, ಒಂದಿಷ್ಟೂ ಅನುಮಾನವಿಲ್ಲದೆ, ಎಲ್ಲ ಗೊತ್ತಿರುವ ಕಣ್ಣಲ್ಲಿ ನೋಡಿದಳು. ಇದಕ್ಕೆ ಮುಂಚೆ ಅವಳು ತನ್ನನ್ನು ಇಷ್ಟು ಪೂರ್ತಿಯಾಗಿ ನೋಡಿದ್ದು ಅವನಿಗೆ ನೆನಪಿರಲಿಲ್ಲ.

"ಕೇಳಿಸ್ತು ಅಣ್ಣ" ಅಂದಳು. "ಬೆಳಿಗ್ಗೆಯಿಂದ ಪಾಪ ಒದ್ದಾಡ್ತಿದ್ರು. ಇವರಿಗೆ ಬರಲ್ಲ. ಹೇಗೂ ನೀನಿನ್ನು ಅಂಗಡೀಲೇ ಇರ್ತೀಯಲ್ಲ, ಪಕ್ಕದಲ್ಲಿ ಕೂತು ದಿನಾ ಸ್ವಲ್ಪ ಸ್ವಲ್ಪ ಹೇಳ್ಕೊಡು."

"ಅದಕ್ಕೇನಂತೆ" ಅಂದ ಭಾವ.

ಅವಳು ಒಳಗೆ ಹೋಗಿ ಅಪ್ಪನ ಕುರ್ಚಿ ತಂದು, ಸೆರಗಿನಿಂದ ಧೂಳು ಒರೆಸಿ, ಲೇತಿನ ಪಕ್ಕಕ್ಕೆ ಹಾಕಿದಳು.